ಅರ್ಧ ಮುಚ್ಚುವ ರೆಪ್ಪೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತರ ಮೇಲೆ ಸುಲಿಯುವವರ ಪಕ್ಕ ಕೂತು ಅವರ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ. ಕತ್ತಿಯ ಬಾಯಿಗೂ ಬೆರಳಿಗೂ ನಡುವೆ ಅರ್ಧ ಇಂಚೂ ಇರುವುದಿಲ್ಲ. ಕೈ ಒಂದೇ ಸಮ ಓಡುತ್ತಿರುತ್ತದೆ, ರೆಪ್ಪೆ ಮಾತ್ರ ಅಲುಗುವುದು ಅಪರೂಪ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಬಳ್ಳಿಯ ಎಳೆ ಬಿಡಿಸುವಾಗಲೂ ಹೀಗೆಯೇ, ಶಿವಮೊಗ್ಗದ ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೂ ಹೀಗೆಯೇ. ಕಣ್ಣಿಟ್ಟು ಮಾಡುವ ಕೆಲಸ ಯಾವುದೇ ಇರಲಿ, ಮೆದುಳು ರೆಪ್ಪೆಯನ್ನು ತಡೆದು ಹಿಡಿಯುತ್ತದೆ. ಜಪಾನಿನ ನೇತ್ರತಜ್ಞರು 1993ರಲ್ಲಿ ಕಚೇರಿ ಕೆಲಸಗಾರರ ರೆಪ್ಪೆ ಬಡಿತ ಎಣಿಸಿ ಪ್ರಕಟಿಸಿದರು: ನಿರಾಳವಾಗಿದ್ದಾಗ ನಿಮಿಷಕ್ಕೆ ಸರಾಸರಿ 22, ಪುಸ್ತಕ ಓದುವಾಗ 10, ಕಂಪ್ಯೂಟರ್ ಪರದೆಯ ಮುಂದೆ 7.

ನಿಮಿಷ ಎಂಬ ಮಾತಿನ ಮೂಲ ಅರ್ಥವೇ ರೆಪ್ಪೆ ಮುಚ್ಚುವುದು. ಮುಚ್ಚದವನು ಅನಿಮಿಷ. ಬಳ್ಳಿಗಾವಿಯ ಅಲ್ಲಮನಿಗೆ ಲಿಂಗ ದೊರೆತದ್ದು ಅನಿಮಿಷಯ್ಯನ ಕೈಯಿಂದ ಎಂದು ಕಥೆಯಿದೆ. ಆ ಸ್ಥಿತಿ ಯೋಗಿಗೆ ಸರಿ, ದಿನಕ್ಕೆ ಎಂಟು ಗಂಟೆ ಪರದೆ ನೋಡುವವರ ಕಣ್ಣು ಅದನ್ನು ತಾಳುವುದಿಲ್ಲ.

ಕಣ್ಣಿನ ಮೇಲೆ ಹರಡಿರುವ ಕಣ್ಣೀರಿನ ಪದರದ ದಪ್ಪ ಸುಮಾರು 3 ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು ಎನ್ನಬಹುದು. ತಳದಲ್ಲಿ ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ಅದರೊಡನೆ ಬೆರೆತ ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ ಈ ಎಣ್ಣೆ ತೆಳ್ಳಗೆ ಹರಡಿಕೊಂಡು ಕೆಳಗಿನ ನೀರು ಆರದಂತೆ ಕಾಯುತ್ತದೆ. ಅದು ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ರೆಪ್ಪೆ ಬಡಿದಾಗ ಸ್ನಾಯು ಈ ಗ್ರಂಥಿಗಳನ್ನು ಹಿಂಡುತ್ತದೆ, ಎಣ್ಣೆ ಒಸರುತ್ತದೆ, ಮೇಲಿನ ರೆಪ್ಪೆ ಎದ್ದು ಹೋಗುವಾಗ ಅದನ್ನು ಕಣ್ಣಿನ ತುಂಬ ಎಳೆದು ಹರಡುತ್ತದೆ.

ಜನ ಸಾಮಾನ್ಯವಾಗಿ ಎಷ್ಟು ಸಲ ರೆಪ್ಪೆ ಬಡಿದೆವು ಎಂದಷ್ಟೇ ಲೆಕ್ಕ ಹಾಕುತ್ತಾರೆ. ಪೂರ್ತಿ ಮುಚ್ಚಿತೇ ಎಂಬುದು ಅಷ್ಟೇ ಮುಖ್ಯ, ಮತ್ತು ಹೆಚ್ಚಿನವರು ಗಮನಿಸದೆ ಬಿಡುವುದು ಅದನ್ನೇ. ಪರದೆಯ ಮುಂದೆ ಬಡಿಯುವ ಆ ಏಳು ಸಲದಲ್ಲೂ ಎಷ್ಟೋ ಸಲ ಮೇಲಿನ ರೆಪ್ಪೆ ಅರ್ಧಕ್ಕೆ, ಮುಕ್ಕಾಲಿಗೆ ಇಳಿದು ಹಿಂದೆ ಹೋಗುತ್ತದೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ ಕೆಳಗಿನ ಭಾಗಕ್ಕೆ ಹೊಸ ಪದರ ಸಿಗುವುದೇ ಇಲ್ಲ, ಅಲ್ಲಿ ಮೊದಲು ಒಣಗುತ್ತದೆ. ರೆಪ್ಪೆಯಂಚುಗಳು ಒಂದಕ್ಕೊಂದು ತಾಗದಿದ್ದರೆ ಗ್ರಂಥಿಗಳಿಗೆ ಹಿಂಡಿದ ಹಾಗೂ ಆಗುವುದಿಲ್ಲ. ಒಳಗೇ ನಿಂತ ಎಣ್ಣೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗಿ ಬಾಯಿ ಕಟ್ಟುತ್ತದೆ. ವರ್ಷಗಟ್ಟಲೆ ಕಟ್ಟಿಕೊಂಡೇ ಇದ್ದ ಗ್ರಂಥಿ ಸೊರಗುತ್ತದೆ. ಪೂರ್ತಿ ಸೊರಗಿ ಹೋದದ್ದನ್ನು ಮರಳಿ ತರುವುದು ಬಲು ಕಷ್ಟ. ಹಾಗಾಗಿಯೇ ಈ ಅಭ್ಯಾಸವನ್ನು ಬೇಗ ತಿದ್ದಿಕೊಳ್ಳಬೇಕು.

‘ನನ್ನ ಕಣ್ಣಲ್ಲಿ ನೀರು ಸುರಿಯುತ್ತದೆ, ಒಣಗುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಒಣಗಿದ ಜಾಗ ಉರಿದಾಗ ಕಣ್ಣೀರಿನ ಗ್ರಂಥಿ ಗಾಬರಿ ಬಿದ್ದು ನೀರು ಸುರಿಸುತ್ತದೆ. ಅದು ಎಣ್ಣೆ, ಲೋಳೆ ಹದವಾಗಿ ಸೇರದ ಬರೀ ನೀರು. ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಲ್ಲಿ ನಿಲ್ಲುವುದಿಲ್ಲ.

ನಿಮ್ಮ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ಎಂದು ತಿಳಿಯಲು ಮೊಬೈಲ್ ಸಾಕು. ಪರದೆಯ ಪಕ್ಕ ನಿಲ್ಲಿಸಿ ಮುಖದ ವಿಡಿಯೋಗೆ ಇಟ್ಟು ಹತ್ತು ನಿಮಿಷ ಕೆಲಸ ಮಾಡಿ. ಮೊದಲ ಮೂರು ನಿಮಿಷ ಬಿಟ್ಟುಬಿಡಿ, ಆಗ ಕ್ಯಾಮೆರಾ ಇದೆ ಎಂಬ ನೆನಪಿರುತ್ತದೆ. ಉಳಿದದ್ದನ್ನು ನಿಧಾನಗತಿಯಲ್ಲಿ ಓಡಿಸಿ, ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗಿದ್ದೆಷ್ಟು, ನಡುವೆ ಬಿಳಿ ಗೆರೆ ಉಳಿದದ್ದೆಷ್ಟು ಎಂದು ಬೇರೆ ಬೇರೆ ಎಣಿಸಿ.

ಅಭ್ಯಾಸ ಹೀಗೆ. ಕಣ್ಣನ್ನು ಮೆಲ್ಲಗೆ ಮುಚ್ಚಿ 2 ಸೆಕೆಂಡ್ ಹಾಗೇ ಇರಿ, ತೆರೆಯಿರಿ. ಮತ್ತೆ ಮುಚ್ಚಿ 2 ಸೆಕೆಂಡ್, ತೆರೆಯಿರಿ. ಮೂರನೆಯ ಸಲ ಮುಚ್ಚಿದಾಗ ಎರಡು ರೆಪ್ಪೆಗಳನ್ನು ಒಂದಕ್ಕೊಂದು ತುಸು ಒತ್ತಿ 2 ಸೆಕೆಂಡ್ ಹಿಡಿದು ಬಿಡಿ. ಕೆಲಸದ ಹೊತ್ತಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ತಪ್ಪುವುದು ಒಂದೇ ಕಡೆ: ಹುಬ್ಬು ಗಂಟಿಕ್ಕಿ, ಕೆನ್ನೆ ಮೇಲೆತ್ತಿ ಇಡೀ ಮುಖವನ್ನೇ ಹಿಂಡುವುದು. ಕಣ್ಣಿನ ಹೊರತುದಿಯಲ್ಲಿ ತೋರುಬೆರಳನ್ನು ಹಗುರವಾಗಿ ಇಟ್ಟುಕೊಳ್ಳಿ. ಮೊದಲೆರಡು ಸಲ ಬೆರಳಿನಡಿ ಚರ್ಮ ಜಗ್ಗಿದ ಹಾಗಾದರೆ ಬಲ ಹೆಚ್ಚಾಯಿತು. ಒಂದೆರಡು ದಿನದ ಫಲ ನೋಡಿ ಬಿಡಬೇಡಿ, ನಾಲ್ಕು ವಾರವಾದರೂ ನಡೆಸಿ.

ಎಣ್ಣೆ ಈಗಾಗಲೇ ಗಟ್ಟಿಯಾಗಿದ್ದರೆ ಶಾಖ ಬೇಕು. ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ 5ರಿಂದ 10 ನಿಮಿಷ ತಾಗಬೇಕು. ಬಚ್ಚಲ ಹಂಡೆಯ ನೀರಿನಲ್ಲಿ ಬಟ್ಟೆ ಅದ್ದಿ ಕಣ್ಣಿಗೆ ಇಟ್ಟುಕೊಂಡು ಹತ್ತು ನಿಮಿಷ ಮಲಗುವವರಿದ್ದಾರೆ. ಆ ಬಟ್ಟೆ ಎರಡು ನಿಮಿಷದೊಳಗೆ ಆರಿರುತ್ತದೆ, ಉಳಿದ ಎಂಟು ನಿಮಿಷ ವ್ಯರ್ಥ. ಎರಡು ಬಟ್ಟೆ ಇಟ್ಟುಕೊಂಡು ಎರಡೆರಡು ನಿಮಿಷಕ್ಕೆ ಬದಲಿಸಿ, ಪ್ರತಿ ಸಲವೂ ಮೊದಲು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಆಮೇಲೆ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ನೀವಿ, ಗುಡ್ಡೆಯನ್ನು ಒತ್ತಬೇಡಿ. ಎಣ್ಣೆ ಕರಗಿರುವಾಗಲೇ ಹತ್ತು ಹದಿನೈದು ಸಲ ಪೂರ್ತಿ ರೆಪ್ಪೆ ಬಡಿಯಿರಿ.

ಮಲೆನಾಡಿನಲ್ಲಿ ಕಣ್ಣಿಗೂ ಮಳೆಗಾಲ, ಬೇಸಿಗೆ ಬೇರೆ ಬೇರೆ. ಜುಲೈನಲ್ಲಿ ಆಗುಂಬೆಯ ಜಗಲಿಯಲ್ಲಿ ಹರವಿದ ಬಟ್ಟೆ ದಿನಗಟ್ಟಲೆ ಆರದು, ಕಣ್ಣೀರೂ ನಿಧಾನವಾಗಿ ಆರುತ್ತದೆ. ಶಿವರಾತ್ರಿ ಕಳೆದು ಗಾಳಿ ಒಣಗಿದಾಗ ಅದೇ ಕಣ್ಣು ಮರಳು ಬಿದ್ದಂತೆ ಚುಚ್ಚತೊಡಗುತ್ತದೆ. ಎಸಿ ಕೋಣೆಯಲ್ಲಿ ಕೂತವರಿಗೆ ಮಳೆಗಾಲದಲ್ಲೂ ಬೇಸಿಗೆಯೇ. ಫ್ಯಾನ್ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕುರ್ಚಿ ತಿರುಗಿಸಿ, ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಕಣ್ಣನ್ನು ಕೆರಳಿಸುತ್ತವೆ, ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟಿದ್ದರೂ ಹೊಗೆ ಮುಖಕ್ಕೆ ಸುತ್ತಿ ಬರುವಂತಿದ್ದರೆ ಜಾಗ ಬದಲಿಸಿ. ಅಡಿಕೆ ಸುಲಿಯುವವರಿಗೆ ಇರುವ ಒಂದು ಅನುಕೂಲವನ್ನು ಕಂಪ್ಯೂಟರಿನವರೂ ಪಡೆಯಬಹುದು: ನೋಟ ಕೆಳಗಿದ್ದರೆ ರೆಪ್ಪೆ ಇಳಿದಿರುತ್ತದೆ, ಗಾಳಿಗೆ ತೆರೆದ ಜಾಗ ಕಡಿಮೆಯಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ.

ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲ ಹೂವಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ, ಸೋಂಕಿಗೆ ದಾರಿಯಾಗುತ್ತದೆ. ಕೃತಕ ಕಣ್ಣೀರಿನ ಹನಿ ಒಂದು ಸಲಕ್ಕೆ ಒಂದೇ ಸಾಕು, ಕಣ್ಣು ಎರಡನೆಯದನ್ನು ಹಿಡಿದಿಟ್ಟುಕೊಳ್ಳದು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಕೆಡದಂತೆ ಸೇರಿಸುವ ಸಂರಕ್ಷಕ (ಪ್ರಿಸರ್ವೇಟಿವ್) ಬೆರೆಸದ ಹನಿ ಕೇಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಕೆಂಪನ್ನು ಬೇಗ ಇಳಿಸುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ದೃಷ್ಟಿಯ ನರವೇ ಹಾಳಾಗಬಹುದು.

ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಬಾಯಿ ಮತ್ತು ಕೀಲುಗಳಲ್ಲೂ ತೊಂದರೆ ಇದ್ದರೆ ನೇತ್ರವೈದ್ಯರ ಬಳಿ ಹೋಗಲೇಬೇಕು. ಅವರು ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ಕಣ್ಣೀರಿನ ಪದರ ಒಡೆಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ನೋಡುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಒಡೆದರೆ ಪದರ ಗಟ್ಟಿಯಿಲ್ಲ ಎಂದರ್ಥ. ಶೀತದ ಮಾತ್ರೆ, ನಿದ್ದೆಯ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಮೊಬೈಲಿನಲ್ಲಿ ತೆಗೆದ ಆ ವಿಡಿಯೋವನ್ನೂ ತೋರಿಸಿ. ವೈದ್ಯರು ಎದುರಿಗಿರುವಾಗ ಯಾರೂ ಎಂದಿನಂತೆ ರೆಪ್ಪೆ ಬಡಿಯುವುದಿಲ್ಲ.