ಬೈಬಲಿನ ಆಶ್ರಯನಗರಗಳು: ಅಲ್ಲಿ ಯಾರಿಗೆ ರಕ್ಷಣೆಯಿತ್ತು?

ಬೈಬಲಿನಲ್ಲಿ ಮೊದಲ ಊರು ಕಟ್ಟಿದವನು ತಮ್ಮನನ್ನು ಕೊಂದ ಕಾಯಿನ. ಮೋಶೆಯ ಧರ್ಮಶಾಸ್ತ್ರಕ್ಕೆ ಬಂದರೆ, ಕೈತಪ್ಪಿ ಕೊಂದವನಿಗಾಗಿಯೇ ಆರು ಊರುಗಳು ಮೀಸಲು. ಯೊರ್ದನ್ ಹೊಳೆಯ ಪಶ್ಚಿಮಕ್ಕೆ ಕೆದೆಷ್, ಶೆಕೆಮ್, ಹೆಬ್ರೋನ್. ಪೂರ್ವಕ್ಕೆ ಬೆಚೆರ್, ರಾಮೋತ್, ಗೋಲಾನ್. ಆರೂ, ದೇವಾಲಯಸೇವೆಯ ಕುಲವಾದ ಲೇವಿಯರ 48 ಊರುಗಳಲ್ಲಿ ಸೇರಿದವು.

ಸತ್ತವನ ಪರವಾಗಿ ಮುಯ್ಯಿ ತೀರಿಸುವುದು ಹತ್ತಿರದ ಬಂಧುವಿನ ಹೊಣೆ. ಶಾಸ್ತ್ರ ಅದನ್ನು ರದ್ದು ಮಾಡಲಿಲ್ಲ, ನಡುವೆ ವಿಚಾರಣೆಯೊಂದನ್ನು ತಂದಿಟ್ಟಿತು. ದಾರಿ ದೂರವಾದರೆ ಸಿಟ್ಟಿನಲ್ಲಿ ಬೆನ್ನಟ್ಟಿದವನು ಹಿಡಿದುಬಿಡುತ್ತಾನೆ. ಅದಕ್ಕೇ ನಾಡನ್ನು ಮೂರು ಪಾಲು ಮಾಡಿ ದಾರಿ ಸಿದ್ಧಪಡಿಸಿ ಎನ್ನುತ್ತದೆ ಆ ಶಾಸ್ತ್ರದ ಪುಸ್ತಕಗಳಲ್ಲೊಂದಾದ ಧರ್ಮೋಪದೇಶಕಾಂಡ.

ಓಡಿಬಂದವನು ಊರಬಾಗಿಲಲ್ಲಿ ನಿಂತು ಹಿರಿಯರಿಗೆ ನಡೆದದ್ದು ಹೇಳಬೇಕು. ಅವರು ಒಳಗೆ ಸೇರಿಸಿ ಇರಲು ಜಾಗ ಕೊಡುತ್ತಾರೆ. ಆಮೇಲೆ ಸಭೆಯ ಮುಂದೆ ವಿಚಾರಣೆ: ಮರ ಕಡಿಯುವಾಗ ಕೊಡಲಿ ಕಾವಿನಿಂದ ಕಳಚಿ ಜೊತೆಯವನಿಗೆ ಬಡಿಯಿತೋ, ಹಗೆ ಸಾಧಿಸಿ ಹೊಂಚುಹಾಕಿ ಹೊಡೆದದ್ದೋ? ಒಬ್ಬನೇ ಸಾಕ್ಷಿಯ ಮಾತಿಗೆ ಮರಣದಂಡನೆ ಇಲ್ಲ. ಬೇಕೆಂದೇ ಕೊಂದವನಿಗೆ ಆಶ್ರಯವೂ ಇಲ್ಲ.

ಕೈತಪ್ಪಿದ್ದೇ ನಿಜವಾದರೂ ಮನೆಗೆ ಮರಳುವಂತಿಲ್ಲ. ಮಹಾಯಾಜಕ ಸಾಯುವವರೆಗೆ ಅಲ್ಲೇ ಇರಬೇಕು. ಎಲ್ಲೆ ದಾಟಿದರೆ ಬಂಧು ಕೊಂದರೂ ಅಪರಾಧವಲ್ಲ. ಹಣ ಕೊಟ್ಟು ಮೊದಲೇ ಬಿಡಿಸಿಕೊಳ್ಳಲೂ ಆಗದು. ಹಾಗಾಗಿ ಇದನ್ನು ಬರೀ ಕರುಣೆಯ ಏರ್ಪಾಡು ಎನ್ನುವುದು ಸರಿಯಲ್ಲ, ಅರ್ಧ ಗಡೀಪಾರೇ. ತಮ್ಮ ಮಕ್ಕಳು ಬೇಗ ಸಾಯಲೆಂದು ಆಶ್ರಯ ಪಡೆದವರು ಪ್ರಾರ್ಥಿಸದಿರಲಿ ಅಂತ ಮಹಾಯಾಜಕರ ತಾಯಂದಿರು ಊಟ, ಬಟ್ಟೆ ಒದಗಿಸುತ್ತಿದ್ದರಂತೆ! ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುವ ಮಾತಿದು.

ಏರ್ಪಾಡು ಕೆಟ್ಟದ್ದೂ ಉಂಟು. ಹೆಬ್ರೋನಿನ ಬಾಗಿಲಲ್ಲೇ ದಾವೀದನ ಸೇನಾಪತಿ ಯೋವಾಬ, ಗುಟ್ಟು ಮಾತಾಡುವ ನೆಪದಲ್ಲಿ ಸೌಲನ ಸೇನಾಪತಿಯಾಗಿದ್ದ ಅಬ್ನೇರನನ್ನು ಪಕ್ಕಕ್ಕೆ ಕರೆದು ಹೊಟ್ಟೆಗೆ ತಿವಿದ. ಯುದ್ಧದಲ್ಲಿ ಅಬ್ನೇರನ ಕೈಯಲ್ಲಿ ಸತ್ತ ತಮ್ಮ ಅಸಾಹೇಲನಿಗಾಗಿ ತೀರಿಸಿದ ಮುಯ್ಯಿ ಅದು. ಹಿರಿಯರ ಸುಳಿವೇ ಆ ಪ್ರಸಂಗದಲ್ಲಿಲ್ಲ. ಮುಂದೆ ಯೋವಾಬನೇ ಆಶ್ರಯ ಬೇಡಿ ಬಲಿಪೀಠದ ಕೊಂಬು ಹಿಡಿದು ನಿಂತಾಗ ಅರಸ ಸೊಲೊಮೋನ ಅಲ್ಲಿಯೇ ಕೊಲ್ಲಿಸಿದ.

ಹೊಸ ಒಡಂಬಡಿಕೆಯಲ್ಲಿ, ಇಬ್ರಿಯರಿಗೆ ಬರೆದ ಪತ್ರದಲ್ಲಿ ಆಶ್ರಯಕ್ಕೆ ಓಡಿಬಂದವರೆಂದರೆ ವಿಶ್ವಾಸಿಗಳು, ಮಹಾಯಾಜಕನೆಂದರೆ ಯೇಸು. ರೋಮ್ ಸಾಮ್ರಾಜ್ಯದಲ್ಲಿ ಆಶ್ರಯದ ಹಕ್ಕು ಚರ್ಚಿಗೆ ಬಂತು; 431ರಲ್ಲಿ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಅದನ್ನು ಬಲಿಪೀಠದಿಂದಾಚೆಗೆ ಇಡೀ ಆವರಣಕ್ಕೆ ವಿಸ್ತರಿಸಿದ. 1989ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ತನ್ನನ್ನು ಆಶ್ರಯನಗರವೆಂದು ಕಾನೂನಿನಲ್ಲೇ ಕರೆದುಕೊಂಡಿತು. ಹೆಸರು ಬೈಬಲಿನದೇ, ಕೆಲಸ ಬೇರೆ: ವಲಸೆ ಕಾನೂನಿನ ಜಾರಿಗೆ ನಗರದ ಹಣ, ಸಿಬ್ಬಂದಿ ಬಳಸದಂತೆ ಅದು ತಡೆಯುತ್ತದೆ; ಬಾಗಿಲಲ್ಲಿ ಕೂತು ವಿಚಾರಿಸುವ ಹಿರಿಯರು ಅದರಲ್ಲಿಲ್ಲ.