ತೊಟ್ಟಿಯ ತಾಳಕ್ಕೆ ಪಂಪಿನ ಹೆಜ್ಜೆ

ತುಂಬಿದ ಬಕೆಟ್ ಹಿಡಿದು ನಡೆದು ನೋಡಿ. ಮೊದಲ ನಾಲ್ಕೈದು ಹೆಜ್ಜೆ ಏನೂ ಆಗುವುದಿಲ್ಲ. ಆಮೇಲೆ ನೀರು ಆ ಕಡೆ ಈ ಕಡೆ ತುಳುಕತೊಡಗಿ ಕಾಲೆಲ್ಲ ಒದ್ದೆ. ಬಕೆಟ್ಟನ್ನು ನೀವೇನೂ ಜೋರಾಗಿ ಅಲ್ಲಾಡಿಸಿಲ್ಲ. ನಿಮ್ಮ ಹೆಜ್ಜೆಯ ತಾಳ ನೀರಿನ ತಾಳಕ್ಕೆ ಹತ್ತಿರ ಬಂತು, ಅಷ್ಟೇ. ಅಕ್ವೇರಿಯಂನಲ್ಲಿ ಪಂಪಿನ ವೇಗ ಏರಿಳಿಸಿ ಅಲೆ ಎಬ್ಬಿಸುವ ಕಂಟ್ರೋಲರ್ ಡಬ್ಬಿ ಮಾಡುವುದೂ ಇದನ್ನೇ. ಆದರೆ ಅದು ಹಾಕುವ ತಾಳಕ್ಕೆ ಹೆಜ್ಜೆ ಹಾಕುವ ಶಕ್ತಿ ಎಲ್ಲ ಪಂಪಿಗೂ ಇರುವುದಿಲ್ಲ. ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ಅಲೆ ಯಾಕೆ ಬೇಕು? ಮೀನಿಗಿಂತ ಹವಳಕ್ಕೆ ಇದು ಮುಖ್ಯ. ಹವಳ ಕೂತಲ್ಲೇ ಕೂತಿರುವ ಪ್ರಾಣಿ. ಊಟವನ್ನು ನೀರೇ ತರಬೇಕು, ಹೊಲಸನ್ನು ನೀರೇ ಒಯ್ಯಬೇಕು. ಆದರೆ ಹವಳದ ಮೈಗೆ ಅಂಟಿದ ಹಾಗೆ ನೀರಿನ ಒಂದು ತೆಳು ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆಮ್ಲಜನಕ ಒಳಗೆ ಹೋಗಲು, ಹೊರಗೆ ಬರಲು ಇದನ್ನು ದಾಟಲೇಬೇಕು. ಹರಿವು ಚುರುಕಾದಷ್ಟೂ ಈ ಪದರ ತೆಳುವಾಗುತ್ತದೆ. ಹಾಗಂತ ಒಂದೇ ದಿಕ್ಕಿನಿಂದ ಜೋರಾಗಿ ನೀರು ಹೊಡೆದರೆ ಎದುರಿನ ಹವಳದ ಮಾಂಸ ಕಿತ್ತುಬರುತ್ತದೆ, ಕಲ್ಲಿನ ಹಿಂದೆ ಕಸ ಕೂರುತ್ತದೆ. ಸಮುದ್ರದ ಹವಳದ ದಿಬ್ಬಗಳಲ್ಲಿ ನೀರು ಹೋಗುತ್ತಾ ಬರುತ್ತಾ ಇರುತ್ತದೆ ಅಲ್ವಾ? ನಮಗೆ ಬೇಕಾದದ್ದು ಆ ಹೋಗಿಬರುವ ಓಡಾಟ.

ಪ್ರತಿ ತೊಟ್ಟಿಗೂ ತನ್ನದೇ ತಾಳವಿದೆ. ಉದ್ದ 1.2 ಮೀಟರ್, ನೀರಿನ ಆಳ 50 ಸೆಂಟಿಮೀಟರ್ ಇದ್ದರೆ ಲೆಕ್ಕದ ಪ್ರಕಾರ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ತುಳುಕಿ ವಾಪಸ್ ಬರಲು ಸುಮಾರು 1.3 ಸೆಕೆಂಡ್ ಬೇಕು. ಉದ್ದ 60, ಆಳ 30 ಸೆಂಟಿಮೀಟರ್ ಆದರೆ ಸುಮಾರು 0.9 ಸೆಕೆಂಡ್. ದೊಡ್ಡ ಕೆರೆ ಸರೋವರಗಳಲ್ಲೂ ಇದೇ ತುಳುಕಾಟ ಇದೆ. ಜಿನೀವಾ ಸರೋವರದಲ್ಲಿ ಒಂದು ಸುತ್ತಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಕಂಟ್ರೋಲರ್ ಪಂಪನ್ನು ಸರಿಯಾಗಿ ಈ ಅವಧಿಗೊಮ್ಮೆ ಒತ್ತಿದರೆ ಸಣ್ಣ ಪಂಪೂ ದೊಡ್ಡ ಅಲೆ ಎಬ್ಬಿಸುತ್ತದೆ. ತಾಳ ತಪ್ಪಿದರೆ ದೊಡ್ಡ ಪಂಪೂ ಸುಮ್ನೆ ನೀರು ಕಲಕುತ್ತದೆ. ಒಳಗೆ ಕಲ್ಲು ಜೋಡಿಸಿದ ಮೇಲೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಹಾಗಾಗಿ ಕೊನೆಗೆ ನೀರನ್ನೇ ನೋಡುತ್ತಾ ಕಂಟ್ರೋಲರಿನ ಗುಂಡಿ ತಿರುಗಿಸುವುದೇ ದಾರಿ. ಒಂದು ಸ್ವಾರಸ್ಯ ಕೇಳಿ: ಈ ಅಲೆಯಲ್ಲಿ ಮೇಲ್ಮೈ ಏರಿಳಿಯುವುದು ಎರಡು ತುದಿಗಳಲ್ಲಿ. ನಡುವೆ ಮೇಲ್ಮೈ ಕದಲುವುದೇ ಇಲ್ಲ ಅನ್ನಬಹುದು, ಆದರೆ ನೀರು ಅಡ್ಡಡ್ಡ ಅತಿ ಹೆಚ್ಚು ಓಡಾಡುವುದು ಅಲ್ಲೇ.

ಎರಡು ತುದಿಗೆ ಎರಡು ಪಂಪ್ ಇಟ್ಟಿದ್ದೀರಾ? ಹಾಗಾದರೆ ಎರಡನ್ನೂ ಒಟ್ಟಿಗೆ ಒತ್ತಬೇಡಿ. ಒಂದರ ತಳ್ಳಾಟವನ್ನು ಇನ್ನೊಂದು ತಿಂದುಹಾಕುತ್ತದೆ. ಒಂದು ಊದಿದ ಅರ್ಧ ಅವಧಿಗೆ ಸರಿಯಾಗಿ ಇನ್ನೊಂದು ಊದಬೇಕು.

ಈಗ ಪಂಪಿನ ವಿಷಯ. ಗೋಡೆಯ ಪ್ಲಗ್ಗಿಗೆ ನೇರ ಸಿಕ್ಕಿಸುವ ಹಳೇ ಎಸಿ ಪಂಪಿನ ಒಳಗೆ ಅಯಸ್ಕಾಂತದ ರೋಟರ್, ಅಂದರೆ ತಿರುಗುವ ಭಾಗ, ಇರುತ್ತದೆ. ಅದರ ವೇಗ ಕರೆಂಟಿನ ಲಯಕ್ಕೆ ಕಟ್ಟಿಬಿದ್ದಿದೆ. ಎರಡು ಧ್ರುವದ ರೋಟರ್ ಆದರೆ 50 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 50 ಆವರ್ತದ ಕರೆಂಟಿಗೆ, ನಿಮಿಷಕ್ಕೆ 3000 ಸುತ್ತು. ವೋಲ್ಟೇಜ್ ಇಳಿಸಿ ನಿಧಾನ ಮಾಡೋಣ ಎಂದರೆ ಆಗುವುದಿಲ್ಲ, ತಿರುಗಿದರೆ ಅದೇ ವೇಗ, ಇಲ್ಲದಿದ್ದರೆ ನಿಂತೇ ಹೋಗುತ್ತದೆ. ಶುರುವಾಗುವಾಗ ಯಾವ ದಿಕ್ಕಿಗೆ ತಿರುಗಬೇಕು ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಟಕ್ ಟಕ್ ಎಂದು ಆಚೀಚೆ ಒದ್ದಾಡಿ ಒಂದು ಕಡೆ ಹಿಡಿದುಕೊಳ್ಳುತ್ತದೆ. ಇಂಥ ಪಂಪನ್ನು ನಾನೊಮ್ಮೆ ಆನ್-ಆಫ್ ಟೈಮರಿಗೆ ಸಿಕ್ಕಿಸಿದ್ದೆ. ಅಲೆ ಬರಲಿಲ್ಲ, ಟಕಟಕ ಸದ್ದಿಗೆ ನಿದ್ದೆ ಹೋಯಿತು, ಕೆಲವು ತಿಂಗಳಲ್ಲಿ ರೋಟರೂ ಹೋಯಿತು. ತಪ್ಪು ಪಂಪಿನದಲ್ಲ, ನನ್ನದೇ.

ಡಿಸಿ ಪಂಪಿನ ಕಥೆ ಬೇರೆ. ಅದರ ಸುರುಳಿಗಳಿಗೆ ಯಾವಾಗ ಕರೆಂಟ್ ಕೊಡಬೇಕು ಎಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ತೀರ್ಮಾನಿಸುತ್ತದೆ. ಹಾಗಾಗಿ ವೇಗ ಏರಿಸಬಹುದು, ಇಳಿಸಬಹುದು, ಪೂರ್ತಿ ನಿಲ್ಲಿಸದೆಯೇ ಮಿಡಿಯುವಂತೆ ಮಾಡಬಹುದು. ಆದರೆ ಇಲ್ಲೂ ಒಂದು ಗುಂಡಿ ಇದೆ, ಬೀಳುವವರು ಬಹಳ ಜನ. ಪಿನ್ ಸರಿಹೊಂದಿತು ಎಂದರೆ ಭಾಷೆಯೂ ಹೊಂದಿತು ಎಂದಲ್ಲ. ಕೆಲವು ಕಂಟ್ರೋಲರ್ 0ಯಿಂದ 10 ವೋಲ್ಟ್ ಒಳಗಿನ ಸಂಕೇತದಲ್ಲಿ ವೇಗ ಹೇಳುತ್ತವೆ, ಕೆಲವು ಮಿಡಿತಗಳ ಅಗಲದಲ್ಲಿ, ಅಂದರೆ ಪ್ರತಿ ಮಿಡಿತ ಎಷ್ಟು ಹೊತ್ತು ಆನ್ ಇರುತ್ತದೆ ಎಂಬುದರಲ್ಲಿ. ಇನ್ನು ಕೆಲವು ಪಂಪುಗಳಲ್ಲಿ ಮೋಟರ್ ಓಡಿಸುವ ಸರ್ಕ್ಯೂಟೇ ಕಂಟ್ರೋಲರ್ ಡಬ್ಬಿಯಲ್ಲಿರುತ್ತದೆ. ಅದನ್ನು ಕಿತ್ತು ಬೇರೊಂದು ಡಬ್ಬಿ ಸಿಕ್ಕಿಸಿದರೆ ಮೋಟರ್ ಓಡುವುದಿಲ್ಲ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ಕೈಪಿಡಿಯಲ್ಲಿ ವೋಲ್ಟೇಜ್, ಸಂಕೇತದ ಬಗೆ, ಕನಿಷ್ಠ ವೇಗ ಈ ಮೂರನ್ನೂ ನೋಡಿಯೇ ಜೋಡಿಸಿ. ಕನಿಷ್ಠಕ್ಕಿಂತ ಕೆಳಗಿಳಿಸಿದರೆ ಪಂಪ್ ನಿಂತು, ಮತ್ತೆ ಎದ್ದೇಳಲು ಪರದಾಡುತ್ತದೆ.

ತೊಟ್ಟಿಯ ಕೆಳಗೆ ಇನ್ನೊಂದು ಟ್ಯಾಂಕ್ ಇದ್ದರೆ, ಅಲ್ಲಿಂದ ಮೇಲಕ್ಕೆ ನೀರೆತ್ತುವ ಪಂಪನ್ನು ಮಾತ್ರ ಈ ಆಟಕ್ಕೆ ಸೇರಿಸಬೇಡಿ. ಅದು ನಿಂತಾಗಲೆಲ್ಲ ಮೇಲಿನ ನೀರು ಕೆಳಗಿಳಿಯುತ್ತದೆ.

ಅಲೆ ಹತ್ತಿದ ಮೊದಲ ದಿನ ಎಲ್ಲರಿಗೂ ಇನ್ನಷ್ಟು ಏರಿಸುವ ಆಸೆ. 300 ಲೀಟರ್ ನೀರೆಂದರೆ 300 ಕಿಲೋ. ಅಷ್ಟು ಭಾರ ಸೆಕೆಂಡಿಗೊಮ್ಮೆ ಗಾಜಿನ ಬೆಸುಗೆಯ ಮೇಲೆ ವಾಲುತ್ತಿರುತ್ತದೆ, ಹಗಲೂ ರಾತ್ರಿ. ಒಂದೆರಡು ಸೆಂಟಿಮೀಟರ್ ಏರಿಳಿತ ಸಾಕು, ಹವಳ ಚೆನ್ನಾಗಿಯೇ ಬಳುಕುತ್ತದೆ. ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟು ನೋಡಿ. ಮರ ಕಿರುಗುಟ್ಟುವುದು ಕೈಗೆ ತಿಳಿದರೆ ಆಗಲೇ ವೇಗ ಇಳಿಸಿ.