ಎಣ್ಣೆ ಮೋಸ ಅಂತೀರಿ, ಹಾಗಾದ್ರೆ ನಮ್ಮ ಮಾವನ ಮಂಡಿನೋವು ಹೋಗಿದ್ದು ಹೇಗೆ?

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಈ ಸಲ ಬಂದದ್ದು ಹೀಗಿತ್ತು: “ರಸ್ತೆ ಬದಿ ಡೇರೆ ಹಾಕಿಕೊಂಡು ಮಾರುವ ಎಣ್ಣೆಯೆಲ್ಲ ಮೋಸ ಅಂತ ಬರೀತೀರಿ. ನಮ್ಮ ಮಾವ ಎರಡು ವರ್ಷ ಮಂಡಿನೋವಿನಿಂದ ಒದ್ದಾಡಿದವರು, ಅದನ್ನೇ ಹಚ್ಚಿ ಹದಿನೈದು ದಿನಕ್ಕೆ ಓಡಾಡೋಕೆ ಶುರು ಮಾಡಿದರು. ಅವರೇನು ಸುಳ್ಳು ಹೇಳ್ತಾರಾ?”

ಇಲ್ಲ. ನಿಮ್ಮ ಮಾವ ನಿಜವನ್ನೇ ಹೇಳುತ್ತಿದ್ದಾರೆ. ಅವರಿಗೆ ನೋವು ಕಡಿಮೆ ಆಗಿದೆ, ಅದನ್ನು ನಾನು ನಂಬುತ್ತೇನೆ. ಅದು ಎಣ್ಣೆಯಿಂದಲೇ ಆಯಿತಾ ಅನ್ನೋದು ಮಾತ್ರ ಬೇರೆ ಪ್ರಶ್ನೆ. ಈ ಎರಡನ್ನೂ ನಾವು ಒಂದು ಮಾಡಿಕೊಳ್ಳುತ್ತೇವಲ್ಲ, ನಕಲಿ ಮದ್ದಿನವರು ತಲೆತಲಾಂತರದಿಂದ ಅಂಗಡಿ ಇಟ್ಟಿರೋದು ಅಲ್ಲೇ.

ಇದನ್ನು ಬಿಡಿಸಿ ಹೇಳೋಕೆ ನನಗೆ ತುಂಬಾ ಇಷ್ಟವಾದ ಒಂದು ಹಳೇ ಕಥೆ ಇದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಎಲೈಷಾ ಪರ್ಕಿನ್ಸ್ ಅಂತ ಒಬ್ಬ ಡಾಕ್ಟರ್ ಇದ್ದ. 1796ರಲ್ಲಿ ಅವನು ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ತೆಗೆದುಕೊಂಡ. ಸುಮಾರು ಮೂರಿಂಚು ಉದ್ದ, ತುದಿ ಚೂಪು, ಒಂದು ಬಂಗಾರದ ಬಣ್ಣದ್ದು, ಇನ್ನೊಂದು ಬೆಳ್ಳಿ ಬಣ್ಣದ್ದು. ಹೆಸರು ‘ಟ್ರ್ಯಾಕ್ಟರ್’. ಹೊಲ ಉಳುವ ಟ್ರ್ಯಾಕ್ಟರ್ ಬರೋಕೆ ಇನ್ನೂ ನೂರು ವರ್ಷ ಇತ್ತು, ಇದು ನೋವನ್ನು ಎಳೆದು ಹಾಕುವ ಟ್ರ್ಯಾಕ್ಟರ್. ನೋವಿರುವ ಕಡೆ ಈ ಕಡ್ಡಿ ಸವರಿದರೆ ಮೈಯೊಳಗಿನ ಕೆಟ್ಟ ವಿದ್ಯುತ್ತು ಹೊರಗೆ ಬರುತ್ತದೆ ಎಂಬುದು ಅವನ ಮಾತು. ಕೆಲವೇ ವರ್ಷ ಮೊದಲು ಇಟಲಿಯ ಗ್ಯಾಲ್ವಾನಿ, ಲೋಹ ತಾಗಿಸಿದರೆ ಸತ್ತ ಕಪ್ಪೆಯ ಕಾಲು ಅದುರುತ್ತದೆ ಅಂತ ತೋರಿಸಿದ್ದ. ಹಾಗಾಗಿ ಪರ್ಕಿನ್ಸ್ ಹೇಳಿದ್ದು ಕೇಳುವವರಿಗೆ ಹೊಸ ವಿಜ್ಞಾನದ ಹಾಗೇ ಇತ್ತು. ಈಗ ಬ್ರೇಸ್ಲೆಟ್ಟಿಗೆ ‘ಕ್ವಾಂಟಮ್’ ಅಂತ ಹೆಸರಿಟ್ಟು ಮಾರ್ತಾರಲ್ಲ, ಅದೇ ವರಸೆ.

ಒಂದು ಜೋಡಿ ಕಡ್ಡಿಗೆ 25 ಡಾಲರ್. ಆ ಕಾಲಕ್ಕೆ ಜಾಸ್ತಿಯೇ. 1797ರಲ್ಲಿ ಕನೆಕ್ಟಿಕಟ್‌ನ ವೈದ್ಯರ ಸಂಘ ಅವನನ್ನು ಹೊರಗೆ ಹಾಕಿತು. ಕಡ್ಡಿ ಮಾರಾಟ ನಿಲ್ಲಲಿಲ್ಲ. ಮಗ ಬೆಂಜಮಿನ್ ಅದನ್ನು ಲಂಡನ್ನಿಗೆ ಒಯ್ದು 5 ಗಿನಿಗೆ (ಗಿನಿ ಅಂದರೆ ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಮಾರಿದ. ಪಾದ್ರಿಗಳು, ಪ್ರೊಫೆಸರುಗಳು, ಡಾಕ್ಟರುಗಳು ಸಹ ‘ನಮ್ಮ ಕಣ್ಣೆದುರೇ ವಾಸಿಯಾಯಿತು’ ಅಂತ ಬರೆದುಕೊಟ್ಟರು, ಅವನು ಅದನ್ನೆಲ್ಲ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಇದೆಲ್ಲ ಬರೀ ಮನಸ್ಸಿನ ಭ್ರಮೆ ಅಂದವರಿಗೆ ಅವನ ಹತ್ತಿರ ಉತ್ತರ ರೆಡಿ ಇತ್ತು: ಎಳೇ ಮಕ್ಕಳಿಗೂ ಕುದುರೆಗಳಿಗೂ ವಾಸಿಯಾಗಿದೆ, ಕುದುರೆಗೂ ಭ್ರಮೆ ಇರುತ್ತಾ? ಮಾತು ಚೆನ್ನಾಗಿದೆ. ಆದರೆ ಕುದುರೆ ಬಂದು ‘ನನಗೀಗ ಆರಾಮ’ ಅನ್ನುವುದಿಲ್ಲ, ಅದನ್ನು ಹೇಳುವವನು 5 ಗಿನಿ ಕೊಟ್ಟ ಯಜಮಾನ.

ಆಗ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಜಾನ್ ಹೇಗಾರ್ತ್ ಎಂಬ ಡಾಕ್ಟರ್ ಇದ್ದ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಹಾಗಾಗಿ ಕೀಲುನೋವಿನವರೆಲ್ಲ ಅಲ್ಲಿಗೇ ಬರುತ್ತಿದ್ದರು. ಹೇಗಾರ್ತ್ ಯಾರ ಜೊತೆಗೂ ವಾದಕ್ಕೆ ಇಳಿಯಲಿಲ್ಲ. ಮರದ ಕಡ್ಡಿ ಮಾಡಿಸಿದ, ಲೋಹದ ಹಾಗೆ ಕಾಣುವಂತೆ ಬಣ್ಣ ಹೊಡೆಸಿದ. 1799ರ ಜನವರಿಯಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಹಳೇ ಕೀಲುನೋವಿನ ಐದು ಜನರ ಮೇಲೆ ಅದನ್ನೇ ಸವರಿಸಿದ. ಐವರಲ್ಲಿ ನಾಲ್ವರು ಈಗ ಹಗುರಾಯಿತು ಅಂದರು. ಮಾರನೇ ದಿನ ಅಸಲಿ ಲೋಹದ ಕಡ್ಡಿ ಸವರಿದರೂ ಹೆಚ್ಚುಕಡಿಮೆ ಅದೇ ಫಲ. ಐದೇ ಜನ, ಚಿಕ್ಕ ಪರೀಕ್ಷೆ, ನಿಜ. ಆದರೂ ಡಮ್ಮಿ ಮದ್ದು ಕೊಟ್ಟು ಹೋಲಿಸಿ ನೋಡುವ ಈಗಿನ ಪದ್ಧತಿಯ ಮೊದಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ.

ಆ ನಾಲ್ವರೂ ನಿಮ್ಮ ಮಾವನ ಹಾಗೆಯೇ, ನೋಡಿ. ಕಡಿಮೆ ಆದದ್ದು ನಿಜ. ಕಡ್ಡಿ ಮರದ್ದಾಗಿದ್ದೂ ನಿಜ. ಡಾಕ್ಟರೊಬ್ಬ ಪಕ್ಕ ಕೂತು, ನೋವಿರುವ ಜಾಗವನ್ನು ಮೆಲ್ಲಗೆ ಸವರಿ, ಈಗ ಹೇಗಿದೆ ಅಂತ ಕೇಳಿದರೆ ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಇದರಿಂದ ಟ್ರ್ಯಾಕ್ಟರ್ ವ್ಯಾಪಾರ ಕೂಡಲೇ ಮುಳುಗಿತು ಅಂದ್ಕೋಬೇಡಿ. 1804ರಲ್ಲಿ, ಅಂದರೆ ಇಷ್ಟೆಲ್ಲ ಆದ ಮೇಲೆ, ಲಂಡನ್ನಿನಲ್ಲಿ ಪರ್ಕಿನ್ಸ್ ಹೆಸರಿನಲ್ಲೇ ಒಂದು ಸಂಸ್ಥೆ ತೆರೆದು ಬಡವರಿಗೆ ಕಡ್ಡಿ ಚಿಕಿತ್ಸೆ ಕೊಟ್ಟರು. ಅಪ್ಪ ಪರ್ಕಿನ್ಸ್ ಆ ಹೊತ್ತಿಗೆ ಇರಲಿಲ್ಲ. ಹಳದಿ ಜ್ವರಕ್ಕೆ ತಾನೇ ಕಂಡುಹಿಡಿದ ಇನ್ನೊಂದು ಮದ್ದು ಕೊಡುತ್ತೇನೆ ಅಂತ ನ್ಯೂಯಾರ್ಕಿಗೆ ಹೋದವನು ಅದೇ ಜ್ವರ ತಗುಲಿ 1799ರಲ್ಲಿ ತೀರಿಕೊಂಡಿದ್ದ. ಅವನಿಗೆ ತನ್ನ ಮದ್ದಿನ ಮೇಲೆ ನಿಜವಾಗಿ ನಂಬಿಕೆ ಇತ್ತು ಅಂತಲೇ ನನಗನಿಸುತ್ತದೆ.

ಈಗ ಮಂಡಿಗೆ ಬರೋಣ. ಮಂಡಿನೋವು ದಿನಾ ಒಂದೇ ಸಮ ಇರೋದಿಲ್ಲ, ಏರುತ್ತೆ, ಇಳಿಯುತ್ತೆ. ನಾವು ಡೇರೆಗೆ ಹೋಗುವುದು ಯಾವಾಗ? ಇನ್ನು ತಡೆಯೋಕಾಗಲ್ಲ ಅನ್ನಿಸಿದಾಗ. ಅಲ್ಲಿಂದ ಮುಂದೆ ಅದು ಹೇಗೂ ಸ್ವಲ್ಪ ಇಳಿಯಲೇಬೇಕು, ಇಳಿದಾಗ ಕೈಯಲ್ಲಿ ಯಾವ ಬಾಟಲಿ ಇರುತ್ತೋ ಅದಕ್ಕೆ ಹೆಸರು. ನೆಗಡಿಗೆ ಮದ್ದು ತಗೊಂಡ್ರೆ ಒಂದು ವಾರ, ಇಲ್ಲದಿದ್ರೆ ಏಳು ದಿನ ಅಂತಾರಲ್ಲ, ಅದೇ ಲೆಕ್ಕ. ನಮ್ಮ ಸೋದರತ್ತೆಯೂ ಜಾತ್ರೆಯಲ್ಲಿ ಇಂಥದ್ದೇ ಎಣ್ಣೆ ತಂದಿದ್ದರು. ಬೆಳಿಗ್ಗೆ ಸಂಜೆ ಸೊಸೆ ಕೂತು ಅರ್ಧ ಗಂಟೆ ತಿಕ್ಕುತ್ತಿದ್ದಳು, ಬಿಸಿನೀರಿನ ಶಾಖ ಕೊಡುತ್ತಿದ್ದಳು, ಡಾಕ್ಟರ್ ಬರೆದ ಮಾತ್ರೆಯೂ ನಡೆದಿತ್ತು. ವಾಸಿಯಾದಾಗ ಹೊಗಳಿಸಿಕೊಂಡಿದ್ದು ಎಣ್ಣೆ. ಪಾಪ ಸೊಸೆಗೆ ಏನೂ ಸಿಗಲಿಲ್ಲ.

ಇನ್ನೊಂದು ಸಾಧ್ಯತೆ ಇದೆ. ಬಾಟಲಿಯಲ್ಲಿ ಏನೋ ಇರುತ್ತದೆ, ಆದರೆ ಅವರು ಹೇಳಿದ್ದಲ್ಲ. ಕ್ಲಾರ್ಕ್ ಸ್ಟಾನ್ಲಿ ಎಂಬ ಅಮೆರಿಕನ್ ‘ಹಾವಿನ ಎಣ್ಣೆ’ ಮಾರಿ ಹೆಸರು ಮಾಡಿದವನು, ಗಿಲಕಿ ಹಾವಿನ (ರ್ಯಾಟಲ್‌ಸ್ನೇಕ್) ರಾಜ ಅಂತ ತನ್ನನ್ನು ತಾನೇ ಕರೆದುಕೊಂಡಿದ್ದ. 1916-17ರ ಹೊತ್ತಿಗೆ ಸರ್ಕಾರ ಅವನ ಎಣ್ಣೆ ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಬಹುಪಾಲು ಖನಿಜ ತೈಲ, ಸ್ವಲ್ಪ ಕೊಬ್ಬು, ಮೆಣಸಿನಕಾಯಿಯ ಅಂಶ. ಹಾವು ಎಲ್ಲೂ ಇರಲಿಲ್ಲ. ದಂಡ 20 ಡಾಲರ್! ಮೆಣಸಿನಕಾಯಿ ಹಚ್ಚಿದರೆ ಚರ್ಮ ಬಿಸಿಯೇರಿ ಒಳಗಿನ ನೋವು ಮರೆಯುತ್ತದೆ, ಅಷ್ಟು ನಿಜ. ಅದೇ ಕಾಲದಲ್ಲಿ ‘ಮಿಸೆಸ್ ವಿನ್ಸ್ಲೋ’ ಹೆಸರಿನ ಸಿರಪ್ಪು ಅಳುವ ಮಕ್ಕಳನ್ನು ಥಟ್ಟನೆ ಮಲಗಿಸುತ್ತಿತ್ತು. ಅದರಲ್ಲಿ ಅಫೀಮಿನಿಂದ ತೆಗೆಯುವ ಮಾರ್ಫಿನ್ ಇತ್ತು. ಕೆಲವು ಮಕ್ಕಳು ಏಳಲೇ ಇಲ್ಲ.

ಏಳದ ಮಕ್ಕಳ ಮನೆಯವರು ಹೊಗಳಿಕೆ ಪತ್ರ ಬರೆಯೋದಿಲ್ಲ, ಬರೆದರೂ ಕಂಪನಿ ಅದನ್ನು ಅಚ್ಚು ಹಾಕಿಸೋದಿಲ್ಲ. ವಾಸಿಯಾದವರ ದನಿ ಮಾತ್ರ ಕೇಳಿಸುವುದು ಇದಕ್ಕೇ. ಬದುಕಿದ್ದಾಗ ಹೊಗಳಿ ಆಮೇಲೆ ಸತ್ತವರ ಕಥೆಯೂ ಇದೆ. ಎಬೆನ್ ಬೈಯರ್ಸ್ ಪಿಟ್ಸ್‌ಬರ್ಗಿನ ದೊಡ್ಡ ಶ್ರೀಮಂತ, 1906ರಲ್ಲಿ ಅಮೆರಿಕದ ಅಮೆಚೂರ್ ಗಾಲ್ಫ್ ಚಾಂಪಿಯನ್. 1927ರಲ್ಲಿ ರೈಲಿನ ಬರ್ತಿನಿಂದ ಬಿದ್ದು ತೋಳಿಗೆ ಪೆಟ್ಟಾಯಿತು. ಡಾಕ್ಟರೇ ‘ರೇಡಿಥಾರ್’ ಕುಡಿಯಲು ಹೇಳಿದ. ಅದು ವಿಕಿರಣ ಸೂಸುವ ರೇಡಿಯಂ ಎಂಬ ಲೋಹ ಬೆರೆಸಿದ ನೀರು, ಪುಟ್ಟ ಬಾಟಲಿಗೆ 1 ಡಾಲರ್. ತಯಾರಿಸುತ್ತಿದ್ದ ವಿಲಿಯಂ ಬೈಲಿ ತಾನು ಹಾರ್ವರ್ಡಿನಲ್ಲಿ ಓದಿದ ಡಾಕ್ಟರ್ ಅಂತ ಹೇಳಿಕೊಳ್ಳುತ್ತಿದ್ದ, ಡಾಕ್ಟರ್ ಆಗಿರಲೇ ಇಲ್ಲ. ಬೈಯರ್ಸ್‌ಗೆ ಆ ನೀರಿನಿಂದ ಎಷ್ಟು ಹುರುಪು ಬಂದಂತಾಯಿತು ಅಂದರೆ ಸ್ನೇಹಿತರಿಗೆ ಪೆಟ್ಟಿಗೆಗಟ್ಟಲೆ ಕಳಿಸಿದ, ತನ್ನ ರೇಸ್ ಕುದುರೆಗಳಿಗೂ ಕುಡಿಸಿದ (ಮತ್ತೆ ಕುದುರೆ!). ತಾನೇ ಸುಮಾರು 1,400 ಬಾಟಲಿ ಕುಡಿದ.

ರೇಡಿಯಂ ಅನ್ನು ನಮ್ಮ ಮೈ ಕ್ಯಾಲ್ಸಿಯಂ ಅಂದುಕೊಂಡು ಮೂಳೆಯೊಳಗೆ ಸೇರಿಸಿಬಿಡುತ್ತದೆ. ಅಲ್ಲಿ ಕೂತು ಅದು ಸುತ್ತಲಿನ ಮೂಳೆಯನ್ನು ಸುಡುತ್ತಾ ಹೋಗುತ್ತದೆ. 1931ರಲ್ಲಿ ಅವನ ಹೇಳಿಕೆ ಪಡೆಯಲು ಮನೆಗೆ ಹೋದ ಸರ್ಕಾರಿ ವಕೀಲ ಕಂಡಾಗ, ಮುಂದಿನ ಎರಡು ಹಲ್ಲು ಬಿಟ್ಟರೆ ಅವನ ಮೇಲ್ದವಡೆ ಇರಲಿಲ್ಲ, ಕೆಳದವಡೆಯೂ ಬಹುಪಾಲು ಹೋಗಿತ್ತು. 1932ರ ಮಾರ್ಚಿನಲ್ಲಿ ತೀರಿಕೊಂಡ. ಮೊದಲೊಂದೆರಡು ವರ್ಷದಲ್ಲಿ ಯಾರಾದರೂ ಅವನನ್ನು ಕೇಳಿದ್ದರೆ, ನಿಮ್ಮ ಮಾವನಷ್ಟೇ ಖಚಿತವಾಗಿ ‘ನನಗೆ ಗುಣ ಕೊಟ್ಟಿದೆ’ ಅನ್ನುತ್ತಿದ್ದ.

ನಮ್ಮಲ್ಲಿ 1954ರಿಂದಲೇ ಇದಕ್ಕೊಂದು ಕಾನೂನಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಹೀಗೆ ಪಟ್ಟಿ ಮಾಡಿದ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವ ಹಾಗಿಲ್ಲ, ಮೊದಲ ತಪ್ಪಿಗೆ ಆರು ತಿಂಗಳವರೆಗೆ ಜೈಲು. ತಾಯತ, ಮಂತ್ರ, ಕವಚ ಎಲ್ಲ ಅದರೊಳಗೆ ಬರುತ್ತವೆ. ಗೋಡೆ ಬರಹಗಳನ್ನು ನೋಡಿದರೆ ಆ ಕಾನೂನು ಯಾರಿಗೂ ನೆನಪಿದ್ದ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು.

ಸರಿ, ಮಾವನ ವಿಷಯ. ಹಚ್ಚುವ ಎಣ್ಣೆ ಆದರೆ, ಚರ್ಮ ಉರಿಯದೆ ಇದ್ದರೆ, ಹಚ್ಚಿಕೊಳ್ಳಲಿ ಬಿಡಿ, ಜಗಳ ಬೇಡ. ಆದರೆ ಒಂದು ವಿಚಾರಿಸಿ. ಎಣ್ಣೆಯ ಜೊತೆಗೆ ನುಂಗಲು ಪುಡಿಯನ್ನೋ ಗುಳಿಗೆಯನ್ನೋ ಕೊಟ್ಟಿದ್ದಾರಾ? ಹಳೇ ಕೀಲುನೋವು ನಾಲ್ಕೈದು ದಿನದಲ್ಲಿ ಮಾಯವಾಯಿತು, ಹಸಿವು ಜಾಸ್ತಿಯಾಯಿತು, ಮುಖ ಊದಿಕೊಂಡಿದೆ ಅಂದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ (ಊತ, ನೋವನ್ನು ಬೇಗ ಅಡಗಿಸುವ ಪ್ರಬಲ ಔಷಧ) ಬೆರೆಸಿರಬಹುದು. ಹಾಗೇನಾದರೂ ಇದ್ದರೆ ಗಾಬರಿಯಾಗಿ ಒಮ್ಮೆಲೇ ನಿಲ್ಲಿಸಬೇಡಿ, ಬಹಳ ದಿನ ತಗೊಂಡವರು ಥಟ್ಟನೆ ಬಿಟ್ಟರೆ ಅದೇ ಅಪಾಯ. ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಹಿಡಿದುಕೊಂಡು, ಮಾವನನ್ನೂ ಕರೆದುಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತಲೂ ನೋಡಿಸಿ, ಸ್ಟೀರಾಯ್ಡ್‌ನಿಂದ ಅದು ಏರಿರಬಹುದು.